ಪಲ್ಲವಿಯಲ್ಲೇ ರಕ್ತ ಬೇಡ

ಚಿಕ್ಕಬಳ್ಳಾಪುರ

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ನಿನ್ನ ರಾಕ್ ಹಾಡಿನ ಸಾಹಿತ್ಯ ಓದಿದೆ. ಪಲ್ಲವಿಯಲ್ಲೇ ರಕ್ತ, ಮೊದಲ ಚರಣದಲ್ಲಿ ಕತ್ತಿ, ಎರಡನೆಯದರಲ್ಲಿ ಮತ್ತೆ ರಕ್ತ. ಮೂರನೆಯದಕ್ಕೆ ಬರುವ ಹೊತ್ತಿಗೆ ಭಯವೇ ಉಳಿದಿರಲಿಲ್ಲ. ಕೊಲ್ಲಹೊರಟವನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಮಿಕ ಎಂದು ಪತ್ರದಲ್ಲಿ ತಿಳಿಸಿದ್ದೀಯ. ಹಾಡಿನಲ್ಲಿ ಅವನೆಲ್ಲಿ? ಕುದಿನೀರಿನಲ್ಲಿ ಗೂಡು ಬೇಯುವ ನಾತ, ಎಳೆ ಹುಡುಕಿ ಹುಡುಕಿ ಬಿಳಿಚಿ ಸುಕ್ಕಾದ ಬೆರಳು, ಮಲಗಿದರೂ ಕಿವಿ ಬಿಡದ ಯಂತ್ರದ ಸದ್ದು, ತೀರದ ಮುಂಗಡ ಸಾಲ. ಇಷ್ಟೆಲ್ಲ ಕೈಯಲ್ಲಿದ್ದೂ ‘ಕತ್ತಲ ಕೂಪ’, ‘ಸೀಳಿದ ಆತ್ಮ’ ಎಂದು ಬರೆದಿದ್ದೀಯ. ಅದನ್ನು ಯಾರು ಬೇಕಾದರೂ ಬರೆದಾರು.

ಜನ್ನನನ್ನು ಓದು. 1209ರ ‘ಯಶೋಧರ ಚರಿತೆ’ಯಲ್ಲಿ ಅರಸ ಹೆಂಡತಿಯನ್ನು ಮಾವುತನೊಡನೆ ಕಾಣುತ್ತಾನೆ, ಕತ್ತಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ. ಬೆಳಿಗ್ಗೆ ತಾಯಿಗೆ ಕೆಟ್ಟ ಕನಸೆಂದು ಸುಳ್ಳು ಹೇಳುತ್ತಾನೆ. ಕನಸಿನ ಕೇಡು ಕಳೆಯಲು ತಾಯಿ ಬಲಿ ಕೇಳುತ್ತಾಳೆ; ಆ ಸುಳ್ಳು ಅವನನ್ನು ಹಿಟ್ಟಿನಲ್ಲಿ ಮಾಡಿದ ಕೋಳಿಯ ಬಲಿಗೆ ಎಳೆದೊಯ್ಯುತ್ತದೆ. ಹಿಟ್ಟಿಗೆ ರಕ್ತವಿಲ್ಲ, ಆದರೂ ಕತ್ತಿ ಬಿದ್ದಾಗ ಅದು ಕೂಗುವಲ್ಲಿ ನನ್ನ ಮೈ ಈಗಲೂ ನಡುಗುತ್ತದೆ. ನಿನಗೆ ರಾಕ್‌ನಿಂದಲೇ ಉದಾಹರಣೆ ಬೇಕೆಂದರೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕಾ’ ಕೇಳು. ಕೊಲೆಗಾರನೇ ಮಾತನಾಡುವ ಹಾಡು. ಡ್ರಮ್ ಇಲ್ಲ, ಮನೆಯಲ್ಲೇ ಕ್ಯಾಸೆಟ್‌ನಲ್ಲಿ ಹಿಡಿದ ತಣ್ಣನೆಯ ದನಿ.

ಇನ್ನೊಂದು ಮಾತು, ಇದರಲ್ಲಿ ನಾನು ಸ್ವಲ್ಪ ಕಟುವಾಗಿಯೇ ಇರುತ್ತೇನೆ. ನಿನ್ನವನು ಏಕೆ ಹೊಡೆಯುತ್ತಾನೆ ಎಂದರೆ ಹುಚ್ಚ, ಅದಕ್ಕೆ ಎನ್ನುತ್ತದೆ ಹಾಡು. ಇದು ಸೋಮಾರಿತನ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ. ಏಟು ತಿನ್ನುವ ಪಾಲೇ ಅವರಿಗೆ ಹೆಚ್ಚು. ಇಲ್ಲಿಂದ ನಿಮ್ಹಾನ್ಸ್‌ಗೆಂದು ಬೆಳಗಿನ ಬಸ್ ಹತ್ತುವ ಮನೆಯವರೂ ನಿನ್ನ ಹಾಡು ಕೇಳುತ್ತಾರೆ. ಅವನ ತಲೆಯೊಳಗಿನ ಲೆಕ್ಕ ಅವನಿಗೆ ಸರಿಯೆಂದೇ ತೋರಲಿ. ಯಾವ ಸಾಲಿನಲ್ಲಿ ತಪ್ಪಿತು ಎಂಬುದು ಕೇಳುವವರಿಗೆ ಹೊಳೆಯಲಿ.

ತಮಟೆ ಬಳಸುವ ಯೋಚನೆ ಚೆನ್ನಾಗಿದೆ. ನಮ್ಮ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು. ಆದರೆ ಅದನ್ನು ಬರೀ ರೋಷಕ್ಕೆ ಮೀಸಲಿಡಬೇಡ; ಜಾತ್ರೆಗೂ ಅದೇ, ಸಾವಿಗೂ ಅದೇ.

ಮೂರನೆಯ ಚರಣ ತೆಗೆದುಹಾಕು. ಉಳಿದದ್ದನ್ನು ತಿದ್ದಿ, ವಾದ್ಯವಿಲ್ಲದೆ ಹಾಡಿ ಮೊಬೈಲ್‌ನಲ್ಲಿ ಕಳುಹಿಸು. ಗಿಟಾರ್ ಆಮೇಲೆ ಕೇಳುತ್ತೇನೆ.

ನಿನ್ನ ಹಿತೈಷಿ