‘ಚಿತ್ರಕೃಪೆ: ಗೂಗಲ್’ ಇನ್ನು ನಮ್ಮಲ್ಲಿ ನಡೆಯುವುದಿಲ್ಲ

ಮೈಸೂರು
ಜುಲೈ 10

ನಮಸ್ಕಾರ.

ನಿಮ್ಮ ವೆಬ್‌ಸೈಟ್‌ಗೆ ಫೋಟೋ ಹಾಕುವ ವಿಷಯದಲ್ಲಿ ಆಗಸ್ಟ್ 1ರಿಂದ ಒಂದು ಬದಲಾವಣೆ ಮಾಡುತ್ತಿದ್ದೇನೆ. ಫೋಟೋ ಯಾರು ತೆಗೆದದ್ದು, ಬಳಸಲು ಯಾರು ಒಪ್ಪಿದರು ಎಂದು ಗೊತ್ತಿಲ್ಲದ ಯಾವ ಚಿತ್ರವನ್ನೂ ಇನ್ನು ಮುಂದೆ ಏರಿಸುವುದಿಲ್ಲ. ಈಗಾಗಲೇ ಇರುವ ಅಂಥ ಚಿತ್ರಗಳನ್ನು ಇಳಿಸುತ್ತೇನೆ. ಇದರಿಂದ ನಿಮಗೆ ಸ್ವಲ್ಪ ಕೆಲಸ, ಕೆಲವರಿಗೆ ಸ್ವಲ್ಪ ಖರ್ಚು. ಯಾಕೆ ಅಂತ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ನಮ್ಮ ಗ್ರಾಹಕರೊಬ್ಬರು ಕೊಡಗಿನಲ್ಲಿ ಹೋಂಸ್ಟೇ ನಡೆಸುತ್ತಾರೆ. ಎರಡು ವರ್ಷದ ಹಿಂದೆ ಸೈಟ್ ಮಾಡುವಾಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಮಂಜು ಮುಸುಕಿದ ಗುಡ್ಡ, ಇಳಿಜಾರಿನಲ್ಲಿ ಹಸಿರು ಸಾಲು, ನಡುವೆ ಒಂದು ಕಾಲುದಾರಿ. "ನಮ್ಮ ಕಡೆಯದೇ" ಅಂದರು. ಚೆನ್ನಾಗಿತ್ತು, ಮುಖಪುಟದಲ್ಲೇ ದೊಡ್ಡದಾಗಿ ಹಾಕಿದೆ. ಕಾಫಿ ತೋಟ ಹಾಗೆ ಕತ್ತರಿಸಿದ ಹಾಸಿನಂತೆ ಕಾಣುವುದಿಲ್ಲ, ಅದು ಟೀ ಎಸ್ಟೇಟ್ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೊದಲು ಬಂದದ್ದು ಅತಿಥಿಗಳ ದೂರು: "ಟೀ ತೋಟ ಎಲ್ಲಿದೆ ಸಾರ್?" ಅದನ್ನು ನಗುತ್ತಾ ಬಿಟ್ಟೆವು. ಈ ವರ್ಷ ಫೆಬ್ರವರಿಯಲ್ಲಿ ಬಂದ ಇಮೇಲ್ ನಗುವಂಥದ್ದಾಗಿರಲಿಲ್ಲ.

ಫೋಟೋ ಮುನ್ನಾರ್‌ನದ್ದು. ತೆಗೆದವರು ಕೇರಳದ ಒಬ್ಬ ಛಾಯಾಗ್ರಾಹಕರು. ಅವರ ಪರವಾಗಿ ಬಂದ ಪತ್ರದಲ್ಲಿ ನಮ್ಮ ಸೈಟಿನ ಸ್ಕ್ರೀನ್‌ಶಾಟ್, ಅದು ಎಷ್ಟು ದಿನದಿಂದ ಅಲ್ಲಿದೆ ಎಂಬ ಲೆಕ್ಕ, ಮತ್ತು 36,000 ರೂಪಾಯಿಯ ಬೇಡಿಕೆ. ಹೋಂಸ್ಟೇಯವರು ನನಗೆ ಫೋನ್ ಮಾಡಿದರು. "ಏನಪ್ಪಾ ಇದು, ನೀನೇ ಹಾಕಿದ್ದಲ್ವಾ?" "ನೀವೇ ಕಳಿಸಿದ್ದಲ್ವಾ ಸಾರ್?" ಹತ್ತು ನಿಮಿಷ ಇದೇ ಮಾತು. ಅಷ್ಟರಲ್ಲಿ ಇಬ್ಬರಿಗೂ ಅರ್ಥವಾಗಿತ್ತು: ಕಳಿಸಿದ್ದು ಅವರು, ಏರಿಸಿದ್ದು ನಾನು, ಕೇಳದೇ ಇದ್ದದ್ದು ಇಬ್ಬರೂ.

ಅಂದೇ ಆ ಫೋಟೋವನ್ನು ಸೈಟಿನಿಂದ ಇಳಿಸಿದೆ. ಆ ಛಾಯಾಗ್ರಾಹಕರಿಗೆ ನೇರವಾಗಿ ಫೋನ್ ಮಾಡಿ ಕ್ಷಮೆ ಕೇಳಿದೆ. ಒಳ್ಳೆಯವರು, ಬೈಯಲಿಲ್ಲ. ಮೂರು ದಿನ ಬೆಳಗಿನ ಐದು ಗಂಟೆಗೆ ಎದ್ದು ಹೋಗಿ, ಮೂರನೇ ದಿನ ಮಂಜು ಸರಿಯಾಗಿ ಇಳಿದಾಗ ಸಿಕ್ಕ ಚಿತ್ರವಂತೆ ಅದು. 15,000ಕ್ಕೆ ಮುಗಿಯಿತು. ಹೋಂಸ್ಟೇಯವರು ಅರ್ಧ, ನಾನು ಅರ್ಧ. ಆ ಸೈಟ್‌ನಿಂದ ನನಗೆ ವರ್ಷಕ್ಕೆ ಬರುವುದು ಅದಕ್ಕಿಂತ ಕಡಿಮೆ.

ಆಮೇಲೆ ಸುಮ್ನೆ ಕೂರಲಾಗಲಿಲ್ಲ. ನಾನು ಮಾಡಿದ ಸೈಟ್‌ಗಳನ್ನೆಲ್ಲ ತೆರೆದು, ಒಂದೊಂದೇ ಚಿತ್ರವನ್ನು, ಅದೇ ಚಿತ್ರ ಬೇರೆಲ್ಲಿದೆ ಎಂದು ತೋರಿಸುವ ಗೂಗಲ್ ಲೆನ್ಸ್‌ನಲ್ಲೂ ಟಿನ್‌ಐನಲ್ಲೂ ಹುಡುಕಿದೆ. ಒಂದು ಡೆಂಟಲ್ ಕ್ಲಿನಿಕ್‌ನ ಸೈಟಿನಲ್ಲಿ ನಗುತ್ತಿರುವ ಹುಡುಗಿ ಬೇರೆ ದೇಶಗಳ ಹತ್ತಾರು ಕ್ಲಿನಿಕ್‌ಗಳಲ್ಲೂ ನಗುತ್ತಿದ್ದಾಳೆ. ಇನ್ನೊಂದು ಸೈಟಿನಲ್ಲಿ ಚಿತ್ರದ ಮೂಲೆಯಲ್ಲಿ ಅರ್ಧ ಕತ್ತರಿಸಿದ ವಾಟರ್‌ಮಾರ್ಕ್, ಅಂದರೆ ಮಾಲೀಕರ ಹೆಸರಿನ ಮಸುಕು ಗುರುತು. ಅದನ್ನು ಕತ್ತರಿಸಿದ್ದು ನಾನೇ ಎಂದು ಹೇಳಲು ನಾಚಿಕೆಯಾಗುತ್ತದೆ. ತಪ್ಪೆಲ್ಲ ಗ್ರಾಹಕರದ್ದು ಎಂದು ಈ ಪತ್ರ ಬರೆಯುತ್ತಿಲ್ಲ ಅಂತ ನಿಮಗೆ ತಿಳಿಯಲಿ.

ಜಾಸ್ತಿ ಜನ ಹೇಳುವ ಮಾತು: "ಗೂಗಲ್‌ನಲ್ಲಿತ್ತು." ನಮ್ಮ ಪತ್ರಿಕೆಗಳಲ್ಲೂ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಅಚ್ಚಾಗುವುದನ್ನು ನೋಡಿ ನೋಡಿ ಅದೊಂದು ಅನುಮತಿ ಎಂದೇ ನಂಬಿಬಿಟ್ಟಿದ್ದೇವೆ. ಗೂಗಲ್ ಫೋಟೋ ತೆಗೆಯುವುದಿಲ್ಲ, ಎಲ್ಲಿದೆ ಎಂದು ತೋರಿಸುತ್ತದೆ ಅಷ್ಟೆ. ಬೀದಿ ದೀಪದ ಬೆಳಕಿನಲ್ಲಿ ಸೈಕಲ್ ಕಂಡಿತು ಅಂತ ಅದು ಲೈಟ್ ಕಂಬದ್ದಾಗುತ್ತದಾ? ಚಿತ್ರ ಹುಡುಕಿದಾಗ ಅದಕ್ಕೆ ಕಾಪಿರೈಟ್ ಇರಬಹುದು ಎಂದು ಗೂಗಲ್ಲೇ ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಓದುವವರಿಲ್ಲ.

ಕಾನೂನು ಹೇಳುವುದನ್ನು ಚುಟುಕಾಗಿ ಬರೆಯುತ್ತೇನೆ. ನಾನು ವಕೀಲನಲ್ಲ, ಆದರೆ ಇಷ್ಟನ್ನು ಕೂತು ಓದಿದ್ದೇನೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ವೃತ್ತದೊಳಗಿನ ‘ಸಿ’ ಗುರುತೂ ಬೇಕಿಲ್ಲ. 2012ರ ತಿದ್ದುಪಡಿಯಾದ ಮೇಲೆ ಅದು ಛಾಯಾಗ್ರಾಹಕರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ತಿಳಿದೂ ಉಲ್ಲಂಘಿಸಿದವರಿಗೆ, ಅದಕ್ಕೆ ಕೈಜೋಡಿಸಿದವರಿಗೂ, 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಸಣ್ಣ ಬೇಕರಿಯವರನ್ನು ಯಾರೂ ಜೈಲಿಗೆ ಎಳೆಯಲಿಕ್ಕಿಲ್ಲ, ಹೆದರಿಸಲು ಹೇಳುತ್ತಿಲ್ಲ. ಹಣ ಕೇಳಿ ನೋಟಿಸ್ ಬರುವುದು ಮಾತ್ರ ನಿಜ, ನಾನೇ ನೋಡಿದ್ದೇನಲ್ಲ. ಅದೇ ಕಾಯ್ದೆಯಲ್ಲಿ ಹಕ್ಕು ಇದೆಯೆಂದು ನಿಜವಾಗಿಯೂ ಗೊತ್ತಿರದವರಿಗೆ ಒಂದಿಷ್ಟು ರಿಯಾಯಿತಿ ಇದೆ. ಆದರೆ 13 ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು ಹೋಗಿ ನಿಂತು "ಗೊತ್ತಿರಲಿಲ್ಲ ಸ್ವಾಮಿ" ಅಂದರೆ ಯಾರು ನಂಬುತ್ತಾರೆ?

ಹಾಗಾಗಿ "ಹಾಕಿ ಬಿಡಿ, ಏನಾದರೂ ಆದರೆ ನಾನು ನೋಡಿಕೊಳ್ತೀನಿ, ಬೇಕಾದರೆ ಬರೆದುಕೊಡ್ತೀನಿ" ಎನ್ನುವ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ: ಬೇಡ. ಆ ಕಾಗದ ನಿಮ್ಮ ನನ್ನ ನಡುವೆ ನಡೆಯುತ್ತದೆ, ಫೋಟೋ ತೆಗೆದವರ ಮುಂದೆ ನಡೆಯುವುದಿಲ್ಲ.

ಈಗ ಏನು ಬದಲಾಗುತ್ತದೆ ಎಂದು ನೋಡೋಣ. ನೀವು ಕಳಿಸುವ ಪ್ರತಿ ಚಿತ್ರದ ಜೊತೆ ಒಂದು ಸಾಲು ಬರೆಯಿರಿ: ‘ನಾನೇ ತೆಗೆದದ್ದು’, ‘ಅಂಗಡಿ ಉದ್ಘಾಟನೆಗೆ ಬಂದ ಸ್ಟುಡಿಯೋದವರು ತೆಗೆದದ್ದು’, ‘ಅತಿಥಿ ತೆಗೆದದ್ದು, ಬಳಸಲು ಒಪ್ಪಿದ್ದಾರೆ’. ಅಷ್ಟು ಸಾಕು. ನಾನು ಅದನ್ನು ನಿಮ್ಮ ಸೈಟಿನ ಹೆಸರಿನ ಶೀಟ್‌ನಲ್ಲಿ ಬರೆದಿಡುತ್ತೇನೆ. ನಾಳೆ ಯಾರಾದರೂ ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇರುತ್ತದೆ.

ಸ್ಟುಡಿಯೋದವರ ಫೋಟೋ ಬಗ್ಗೆ ಒಂದು ಒಳ್ಳೆಯ ಸುದ್ದಿ. ನೀವು ಹಣ ಕೊಟ್ಟು, ನಿಮಗಾಗಿ ತೆಗೆಸಿದ ಫೋಟೋಗೆ ನಮ್ಮ ಕಾಯ್ದೆಯಲ್ಲಿ ಮೊದಲ ಹಕ್ಕುದಾರರು ನೀವೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಬಿಲ್ ಹಿಂದೆ ಸಣ್ಣಕ್ಷರದಲ್ಲಿ ಏನಾದರೂ ಬರೆದಿದೆಯಾ ಅಂತ ಒಮ್ಮೆ ತಿರುಗಿಸಿ ನೋಡಿ. ಅತಿಥಿಗಳ ಫೋಟೋ ಮಾತ್ರ ಉಲ್ಟಾ. ಮನೆ ನಿಮ್ಮದು, ಅಂಗಳ ನಿಮ್ಮದು, ನಾಯಿ ಕೂಡ ನಿಮ್ಮದೇ ಇರಬಹುದು, ಆದರೆ ಫೋಟೋ ಅವರದ್ದು. ಇನ್‌ಸ್ಟಾಗ್ರಾಂನಲ್ಲಿ ನಿಮ್ಮನ್ನು ಟ್ಯಾಗ್ ಮಾಡಿದರೂ ಅವರದ್ದೇ. ಒಂದು ಮೆಸೇಜ್ ಹಾಕಿ ಕೇಳಿ. "ಧಾರಾಳವಾಗಿ ಹಾಕಿ" ಅಂತ ಬಂದರೆ ಆ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ಹೆಚ್ಚಿನವರು ಖುಷಿಯಿಂದಲೇ ಒಪ್ಪುತ್ತಾರೆ.

ಹಂಪಿ, ಜೋಗ, ಅರಮನೆ ಬೇಕೆನ್ನುವ ಟ್ರಾವೆಲ್ಸ್‌ನವರಿಗೆ: ಕಲ್ಲಿನ ರಥಕ್ಕೆ ಈಗ ಯಾರ ಕಾಪಿರೈಟೂ ಇಲ್ಲ, ಅದರ ಫೋಟೋಗೆ ಇದೆ. ನೀವೇ ಹೋಗಿ ತೆಗೆದರೆ ಅದು ನಿಮ್ಮದು. ಇಲ್ಲವೇ ವಿಕಿಪೀಡಿಯದವರ ಚಿತ್ರಸಂಗ್ರಹವಾದ ವಿಕಿಮೀಡಿಯಾ ಕಾಮನ್ಸ್‌ನಿಂದ ತೆಗೆದುಕೊಳ್ಳಬಹುದು, ಅಲ್ಲಿ ನಮ್ಮ ಊರುಗಳ ಒಳ್ಳೊಳ್ಳೆ ಚಿತ್ರಗಳಿವೆ. ಪುಕ್ಕಟೆ, ಆದರೆ ಬಹಳಷ್ಟಕ್ಕೆ ಷರತ್ತಿದೆ: ತೆಗೆದವರ ಹೆಸರು ಹಾಕಬೇಕು, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನ (ಯಾವ ಷರತ್ತಿಗೆ ಬಳಸಬಹುದು ಎಂದು ತೆಗೆದವರೇ ಮೊದಲೇ ಕೊಟ್ಟ ಅನುಮತಿ) ಕೊಂಡಿ ಕೊಡಬೇಕು. ಒಬ್ಬರು "ನಮ್ಮ ಸೈಟಲ್ಲಿ ಯಾರದೋ ಹೆಸರು ಯಾಕೆ?" ಎಂದು ಮುನಿಸಿಕೊಂಡರು. ಅವರ ಫೋಟೋ ಬೇಕು, ಹೆಸರು ಬೇಡ ಅಂದರೆ ಹೇಗೆ! ಬೇರೆ ಕಡೆ ಸಿಗುವ ಕ್ರಿಯೇಟಿವ್ ಕಾಮನ್ಸ್ ಚಿತ್ರಗಳಲ್ಲಿ ‘ಎನ್‌ಸಿ’ ಎಂಬ ಅಕ್ಷರ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಸಿನಿಮಾದವರ ಫೋಟೋ ಪೂರ್ತಿ ಬಂದ್. ದೀಪಾವಳಿ ಆಫರ್‌ಗೆ ನಟಿಯ ಚಿತ್ರ ಹಾಕಿ ಎಂದು ಸೀರೆ ಅಂಗಡಿಯವರು ಪ್ರತಿ ವರ್ಷ ಕೇಳುತ್ತಾರೆ. ಅಲ್ಲಿ ತೊಂದರೆ ಎರಡು ಪಟ್ಟು. ಫೋಟೋ ತೆಗೆದವರದ್ದು ಒಂದು, ಫೋಟೋದಲ್ಲಿ ಇರುವವರದ್ದು ಇನ್ನೊಂದು. ತಮ್ಮ ಹೆಸರು, ಮುಖ, ದನಿಯನ್ನು ಕೇಳದೆ ಬಳಸಬಾರದು ಎಂದು ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟ್‌ನಿಂದ ಆದೇಶ ತಂದಿದ್ದಾರೆ. ದೇವರ ಚಿತ್ರ ಬೇಕೆಂದರೆ ಪರವಾಗಿಲ್ಲ, ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಆಮೇಲಿನ 60 ವರ್ಷ ಎಂದೋ ಮುಗಿದಿದೆ. ಅವರ ಲಕ್ಷ್ಮಿ, ಸರಸ್ವತಿ ಎಲ್ಲರಿಗೂ ಮುಕ್ತ. ಹೊಸ ಕ್ಯಾಲೆಂಡರ್‌ಗಳ ದೇವರು ಹಾಗಲ್ಲ.

ಇನ್ನು ಖರ್ಚು. ಸ್ಟಾಕ್ ಫೋಟೋ, ಅಂದರೆ ಹಣಕ್ಕೆ ಸಿಗುವ ಸಿದ್ಧ ಚಿತ್ರ, ಕೊಳ್ಳಲೇಬೇಕಾದರೆ ಮೊದಲು ಬೆಲೆ ಹೇಳುತ್ತೇನೆ. ನೀವು ಒಪ್ಪಿದರೆ ನಿಮ್ಮ ಹೆಸರಿನಲ್ಲೇ ಅಕೌಂಟ್ ಮಾಡಿ ಕೊಳ್ಳುತ್ತೇನೆ, ಬಿಲ್ ಇದ್ದಷ್ಟೇ, ಮೇಲೆ ನನ್ನದೇನೂ ಸೇರಿಸುವುದಿಲ್ಲ. ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ನಾಳೆ ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದರೂ ಅದು ನಿಮ್ಮ ಬಳಿಯೇ ಉಳಿಯುತ್ತದೆ. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್‌ನಂಥ ಕಡೆ ಪುಕ್ಕಟೆ ಸಿಗುವುದನ್ನೂ ಬಳಸುತ್ತೇನೆ, ಎಲ್ಲಿಂದ ಯಾವತ್ತು ಇಳಿಸಿದ್ದು ಎಂದು ಶೀಟ್‌ನಲ್ಲಿ ಬರೆದು.

ಆದರೂ ನನ್ನ ಮನಸ್ಸಿನ ಮಾತು ಬೇರೆ. ಕಳೆದ ತಿಂಗಳು ಒಂದು ಬೇಕರಿಯ ಸೈಟಿನಿಂದ ಆರು ಚಿತ್ರ ಇಳಿಸಿದೆ. ಎಲ್ಲ ಹೊರದೇಶದ ಕ್ರೋಸಾಂಟ್‌ಗಳು. ಅವರು ಮಾರುವುದು ಖಾರಾ ಬನ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು. ಬದಲಿಗೆ ಏನು ಹಾಕೋಣ ಎಂದು ಹೋಗಿ ನಿಂತಾಗ ಬೆಳಿಗ್ಗೆ ಹತ್ತು ಗಂಟೆ, ಟ್ರೇ ಆಗ ತಾನೇ ಓವನ್‌ನಿಂದ ಬಂದಿತ್ತು. ಕಿಟಕಿ ಪಕ್ಕದ ಸ್ಟೂಲ್ ಮೇಲೆ ಬಟರ್ ಪೇಪರ್ ಹಾಸಿ, ಟ್ಯೂಬ್‌ಲೈಟ್ ಆರಿಸಿ, ದಿಲ್‌ಪಸಂದ್ ಒಂದನ್ನು ಕತ್ತರಿಸಿ ಒಳಗಿನ ಕೊಬ್ಬರಿ, ಟೂಟಿಫ್ರೂಟಿ ಕಾಣುವ ಹಾಗೆ ಇಟ್ಟು ಅವರದೇ ಫೋನಿನಲ್ಲಿ ತೆಗೆದೆವು. ಇಪ್ಪತ್ತು ನಿಮಿಷ. ಈಗ ಆ ಸೈಟ್ ನೋಡಿದರೆ ಹಸಿವಾಗುತ್ತದೆ. ಫೋಟೋ ತೆಗೆಯಲು ಬಳಸಿದ ದಿಲ್‌ಪಸಂದ್ ಅನ್ನು ನಾನೇ ತಿಂದೆ, ಅದಕ್ಕೆ ಬಿಲ್ ಹಾಕಲಿಲ್ಲ ಅವರು.

ಹೀಗೆ ನಿಮ್ಮಲ್ಲಿಗೂ ಬರಬಲ್ಲೆ. ಮೈಸೂರಿನೊಳಗೆ ಅರ್ಧ ದಿನಕ್ಕೆ 2,500 ರೂಪಾಯಿ, ಹೊರಗೆ ಬಸ್ ಚಾರ್ಜ್ ಬೇರೆ. ಹಳೆಯ ಸೈಟ್‌ಗಳಲ್ಲಿ ಚಿತ್ರ ಇಳಿಸುವ, ಬದಲಾಯಿಸುವ ಕೆಲಸಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಅದು ನನ್ನ ಹಳೆಯ ಬಾಕಿ. ನೀವೇ ತೆಗೆದರೆ ಇನ್ನೂ ಒಳ್ಳೆಯದು. ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ, ಯಾವಾಗ ಯಾವ ಫೋನಿನಲ್ಲಿ ತೆಗೆದದ್ದು ಎಂಬ ವಿವರವೂ ಅಳಿಸಿಹೋಗುತ್ತದೆ.

ಈ ಪತ್ರದ ಜೊತೆ ನಿಮ್ಮ ಸೈಟಿನ ಚಿತ್ರಗಳ ಪಟ್ಟಿ ಇದೆ. ಹಸಿರು ಇರುವುದು ಸರಿ ಇದೆ. ಹಳದಿ ಇರುವುದರ ಪಕ್ಕ ಎಲ್ಲಿಂದ ಬಂದದ್ದು ಎಂದು ಬರೆದು ಕಳಿಸಿ, ಆಗಸ್ಟ್ 31ರವರೆಗೆ ಕಾಯುತ್ತೇನೆ. ಕೆಂಪು ಇರುವುದು ಇವತ್ತು ರಾತ್ರಿಯೇ ಇಳಿಯುತ್ತದೆ, ಆ ಜಾಗ ಕೆಲವು ದಿನ ಖಾಲಿ ಕಂಡರೆ ಗಾಬರಿಯಾಗಬೇಡಿ. ಯಾರಿಗಾದರೂ ಫೋಟೋ ಬಗ್ಗೆ ನೋಟಿಸ್ ಬಂದರೆ ಉತ್ತರ ಬರೆಯುವ ಮೊದಲು ನನಗೊಂದು ಫೋನ್ ಮಾಡಿ, ಸುಮ್ಮನಿದ್ದು ಮಾತ್ರ ಬಿಡಬೇಡಿ.

ಈ ಕ್ರಮ ಇಷ್ಟವಾಗದೆ ಬೇರೆಯವರ ಹತ್ತಿರ ಹೋಗಬೇಕೆಂದರೆ ಸೈಟಿನ ಫೈಲ್‌ಗಳು, ಪಾಸ್‌ವರ್ಡ್ ಎಲ್ಲ ಒಂದೇ ದಿನದಲ್ಲಿ ಒಪ್ಪಿಸುತ್ತೇನೆ. ಬೇಜಾರೇನೂ ಇಲ್ಲ.

ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವ

ಮರೆತಿದ್ದೆ: ಕೊಡಗಿನ ಹೋಂಸ್ಟೇ ಸೈಟಿನ ಮುಖಪುಟದಲ್ಲಿ ಈಗ ಅವರ ಮನೆಯ ಜಗುಲಿ ಇದೆ, ಸೊಸೆ ಫೋನಿನಲ್ಲಿ ತೆಗೆದದ್ದು. ಮುಂದಿನ ವರ್ಷ ಮೊದಲ ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಫೋನ್ ಮಾಡುತ್ತಾರಂತೆ, ಕ್ಯಾಮೆರಾ ತೆಗೆದುಕೊಂಡು ಹೋಗಬೇಕು.