ಮುಖಕ್ಕಿಂತ ಮೊದಲು ಅಂಚು ನೋಡು

ದಾವಣಗೆರೆ

ಚಿ. ಮಂಜುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಯ ಫೋಟೊ ನೋಡಿದೆ. "1862ರದ್ದು ಮಾವ, ಬಿಟ್ಟರೆ ಮತ್ತೆ ಸಿಗಲ್ಲ" ಅಂತ ಬರೆದಿದ್ದೀಯ. ಸಿಗುತ್ತದೆ ಕಣೋ. 1862 ಅಂತ ಇದ್ದರೆ ಅದು ಆ ವರ್ಷದ್ದೇ ಅಂತೇನಿಲ್ಲ. 1874ರವರೆಗೂ ಅದೇ ಇಸವಿ ಹಾಕಿ ಹೊಡೆದರು. ರಾಶಿ ರಾಶಿ ಇವೆ. ಹಳೆಯದೆಲ್ಲ ದುಬಾರಿ ಅಂದುಕೊಳ್ಳಬೇಡ. ನಿಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ನರ ಬೆಳ್ಳಿ ನಾಣ್ಯವೂ ಸಿಕ್ಕಿದೆ, ಶಾತವಾಹನರ ಸೀಸದ ನಾಣ್ಯವೂ ಸಿಕ್ಕಿದೆ. ಎರಡಕ್ಕೂ ಒಂದೇ ಬೆಲೆಯಾ?

ನಲವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವನು ನಾನು. ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ತಾಂಡಾದ ಹೆಣ್ಣುಮಕ್ಕಳು ಸರಕ್ಕೆ ಅಂತ ತರುತ್ತಿದ್ದ ಬೆಳ್ಳಿ ರೂಪಾಯಿಗಳಿಗೆ ಕೊಂಡಿ ಬೆಸೆದವನೂ ನಾನೇ, ಮುಂದೆ ಮಾರುವವರು ಬಂದಾಗ ಅದೇ ಕೊಂಡಿ ಕಿತ್ತು, ಅರದಿಂದ ಉಜ್ಜಿ, ಹುಣಸೆಹಣ್ಣು ಹಾಕಿ ಫಳಫಳ ಮಾಡಿಕೊಟ್ಟವನೂ ನಾನೇ. ಹಾಗೆ ಮಾಡಿದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ಬರೀ ಬೆಳ್ಳಿ ತೂಕಕ್ಕೆ ಇಳಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಆದ್ದರಿಂದ ಮೊದಲು ಅಂಚು ನೋಡು. ರಾಣಿಯ ತಲೆಯ ನೇರಕ್ಕೆ ಅಂಚಿನ ಗೀರುಗಳು ಸವೆದಿವೆಯಾ, ಬೆಸುಗೆಯ ಗುರುತು ಇದೆಯಾ ಅಂತ ಬೆರಳಾಡಿಸಿ ನೋಡು. ಎರಕ ಹೊಯ್ದ ನಕಲಿಯೂ ಅಲ್ಲೇ ಸಿಕ್ಕಿಬೀಳುತ್ತದೆ. ಎರಡು ಅಚ್ಚು ಕೂಡಿದ ಕಡೆ ಸಣ್ಣ ಗೆರೆ ಉಳಿದಿರುತ್ತದೆ, ಅಕ್ಷರ ಮೊಂಡಾಗಿರುತ್ತದೆ, ಮೈಮೇಲೆ ಸೂಜಿಮೊನೆಯಂಥ ಗುಳಿ ಇರುತ್ತವೆ.

ಈಗೀಗ ನಕಲಿಯನ್ನೂ ಯಂತ್ರದಲ್ಲೇ ಹೊಡೆಯುತ್ತಾರೆ. ಅಂಚೂ ಮೋಸ ಮಾಡಬಹುದು. ಆಗ ತಕ್ಕಡಿ. ಈ ರೂಪಾಯಿ ಅಂದರೆ ಒಂದು ತೊಲ, 11.66 ಗ್ರಾಂ. ಸವೆದದ್ದು ಸ್ವಲ್ಪ ಕಮ್ಮಿ ತೂಗಬಹುದು, ಜಾಸ್ತಿ ತೂಗಿದರೆ ಅನುಮಾನಪಡು. ತೂಕ ಸರಿ ಬಂದರೂ ಬಿಡಬೇಡ. ನೂರಕ್ಕೆ 91.7 ಭಾಗ ಬೆಳ್ಳಿ ಅದರಲ್ಲಿರಬೇಕು. ಪಾಯಿಂಟ್ ಆದ ಮೇಲೆ ಎರಡು ಅಂಕಿ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡು. ನಾಣ್ಯಕ್ಕೆ ದಾರ ಕಟ್ಟಿ ನೀರಲ್ಲಿ ಮುಳುಗಿಸಿ ಹಿಡಿ. ತಳ ಮುಟ್ಟಬಾರದು. ಸುಮಾರು 1.13 ಗ್ರಾಂ ತೋರಿಸಿದರೆ ಬೆಳ್ಳಿ. 1.3ರ ಹತ್ತಿರ ಹೋದರೆ ತಾಮ್ರ, ನಿಕ್ಕಲ್‌ನಂಥ ಯಾವುದೋ ಲೋಹ. ಒರೆಗಲ್ಲಿಗೆ ಮಾತ್ರ ಹಚ್ಚಬೇಡ, ಅದು ನಮ್ಮ ಕಸುಬಿನ ಚಾಳಿ, ನಾಣ್ಯಕ್ಕೆ ಗಾಯ.

ಎಫ್ (ಫೈನ್), ವಿಎಫ್ (ವೆರಿ ಫೈನ್), ಇಎಫ್ (ಎಕ್ಸ್‌ಟ್ರೀಮ್ಲಿ ಫೈನ್), ಯುಎನ್‌ಸಿ (ಬಳಕೆಗೇ ಬಾರದ್ದು) ಅಂತ ದರ್ಜೆ ಹೇಳುವುದೆಲ್ಲ ಉಬ್ಬಿದ ಜಾಗ ಎಷ್ಟು ಸವೆದಿದೆ ಅನ್ನುವುದರ ಮೇಲೆ. ಕಿರೀಟದ ಮಣಿಗಳು, ಕಿವಿಯ ಮೇಲಿನ ಕೂದಲು, ಉಡುಪಿನ ಕಸೂತಿ ಮೊದಲು ಸವೆಯುತ್ತವೆ. ಬಳಕೆಗೇ ಬಾರದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿಸಿ ತಿರುಗಿಸಿದರೆ ಸೈಕಲ್ ಗಾಲಿಯ ಕಡ್ಡಿಗಳ ಹಾಗೆ ಬೆಳಕು ಸುತ್ತುತ್ತದೆ. ಉಜ್ಜಿ ಹೊಳಪಿಸಿದ್ದರಲ್ಲಿ ಹೊಳಪು ಇರುತ್ತದೆ, ಅದು ಸುತ್ತುವುದಿಲ್ಲ. ನಿನ್ನ ಫೋಟೊದಲ್ಲಿ ಕೂದಲು ಮಾಸಿದೆ, ಮೈ ಮಾತ್ರ ಹೊಸ ಸ್ಟೀಲ್ ತಟ್ಟೆ ಥರ ಇದೆ. ನನಗೆ ಅಲ್ಲೇ ಅನುಮಾನ.

ಇನ್ನು ರಾಮನ ಪಟ್ಟಾಭಿಷೇಕ ಇರುವ 1818ರ ಕಂಪನಿ ನಾಣ್ಯ, ಅಕ್ಕಿಕಾಳನ್ನು ತನ್ನ ಕಡೆ ಎಳೆಯುವ ತಾಮ್ರದ ಕಾಸು ಅಂತ ಯಾರಾದರೂ ಬಂದರೆ ಚಹಾ ಕುಡಿಸಿ ಕಳಿಸು. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅಕ್ಕಿ ಎಳೆಯುವುದಂತೂ ಬಿಡು.

ನಗಬೇಡ, ನಾನೂ ಬಿದ್ದಿದ್ದೇನೆ. ಆರನೇ ಜಾರ್ಜ್‌ನ 1939ರ ರೂಪಾಯಿ ಅಪರೂಪ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಒಬ್ಬ ತಂದುಕೊಟ್ಟ, ತೂಗಿದೆ, ನೀರಿಗೆ ಹಿಡಿದೆ, ಎಲ್ಲ ಸರಿ ಇತ್ತು. ದುಡ್ಡು ಎಣಿಸಿಕೊಟ್ಟೆ. ರಾತ್ರಿ ಭೂತಗನ್ನಡಿ ಹಿಡಿದರೆ ಕೊನೆಯ ಅಂಕಿಯ ಸುತ್ತ ಉಳಿ ಆಡಿಸಿದ ಗೆರೆಗಳು. 1938ರ ಅಸಲಿ ನಾಣ್ಯದ 8 ಅನ್ನು ಕೆತ್ತಿ 9 ಮಾಡಿದ್ದ. ಕೆಲಸ ಚೆನ್ನಾಗಿತ್ತು, ಅದೂ ಹೇಳಬೇಕು. ನಮ್ಮ ಕಸುಬಿನವನೇ ಇರಬೇಕು.

ಭಾನುವಾರ ಬಾ. ಮಾರುವವನಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಳ್ಳುವ ಮೊದಲು ಒಂದು ದಿನದ ಮಟ್ಟಿಗೆ ನಾಣ್ಯ ಕೇಳಿ ತಾ. ಕೊಡದಿದ್ದರೆ ಬರಿಗೈಲಿ ಬಾ. ಆ 1939 ಇನ್ನೂ ಪೆಟ್ಟಿಗೆಯಲ್ಲಿದೆ, ಅದನ್ನೇ ಮುಂದಿಟ್ಟುಕೊಂಡು ಕೂರೋಣ. ಅಕ್ಕನಿಗೆ ನಮಸ್ಕಾರ ಹೇಳು.

ನಿನ್ನ ಮಾವ