ಕೊಳವೆ ಗ್ಯಾಸಿನ ದರವನ್ನೂ ಪತ್ರಿಕೆಯಲ್ಲಿ ಹಾಕಿ

ಮಾನ್ಯರೇ,

ನಿಮ್ಮ ಪತ್ರಿಕೆಯ ಪೇಟೆ ಧಾರಣೆಯನ್ನು ನಮ್ಮ ಮನೆಯಲ್ಲಿ ದಿನಾ ನೋಡುತ್ತೇವೆ. ಕಾಫಿ, ಮೆಣಸು, ಕೊಬ್ಬರಿ, ಚಿನ್ನ ಎಲ್ಲಾ ಇರುತ್ತದೆ. ಕೊಳವೆಯಲ್ಲಿ ಬರುವ ಅಡುಗೆ ಗ್ಯಾಸಿನ ದರ ಮಾತ್ರ ಕಾಣುವುದಿಲ್ಲ.

ಹಾಸನದ ನಮ್ಮ ಮನೆಯಲ್ಲಿ ಇನ್ನೂ ಸಿಲಿಂಡರೇ. ಬೆಂಗಳೂರಿನ ಮಗಳ ಮನೆಯಲ್ಲಿ ಕೊಳವೆ ಗ್ಯಾಸು. ಹೋದ ತಿಂಗಳು ಅಲ್ಲಿಗೆ ಹೋದಾಗ ಅವಳ ಬಿಲ್ ಹಿಡಿದು ಕೂತೆ. ಕೆ.ಜಿ. ಲೆಕ್ಕವಿಲ್ಲ, 'ಎಸ್‌ಸಿಎಂ' ಎಂದಿತ್ತು. ಅಂದರೆ ಘನ ಮೀಟರ್ ಲೆಕ್ಕ. 14.2 ಕೆ.ಜಿ. ಸಿಲಿಂಡರಿನಷ್ಟು ಶಾಖ ಸಿಗಲು ಸುಮಾರು 18 ಘನ ಮೀಟರ್ ಬೇಕು. ಇದು ಗೊತ್ತಿಲ್ಲದೆ ಯಾವುದು ಅಗ್ಗ ಎಂದು ಹೇಳೋದು ಹೇಗೆ?

ದರ ಊರಿಂದ ಊರಿಗೆ ಬೇರೆ. ಆಯಾ ಪ್ರದೇಶದ ವಿತರಣಾ ಕಂಪನಿಯೇ ಅದನ್ನು ನಿಗದಿ ಮಾಡುತ್ತದೆ. ಜಿಎಸ್‌ಟಿಗೆ ಸೇರಿಲ್ಲದ್ದರಿಂದ ವ್ಯಾಟ್ ಕೂಡ ರಾಜ್ಯಕ್ಕೊಂದು ಥರ. ದೇಶದ ಹಳೆ ಬಾವಿಗಳ ಗ್ಯಾಸಿನ ಬೆಲೆಯನ್ನು ಕೇಂದ್ರ ಸರ್ಕಾರ ಏಪ್ರಿಲ್ 2023ರಿಂದ ತಿಂಗಳಿಗೊಮ್ಮೆ ಪ್ರಕಟಿಸುತ್ತಿದೆ. ಆ ಬೆಲೆ ಇಳಿದಾಗ ಅಡುಗೆಮನೆಯಲ್ಲೂ ಇಳಿಯಿತಾ? ತಿಂಗಳು ತಿಂಗಳ ದರ ಬರೆದಿಟ್ಟರೆ ತಾನೇ ತಿಳಿಯೋದು. ಮಗಳ ಬಿಲ್‌ಗಳನ್ನು ನಾನೀಗ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೇನೆ. ಆದರೆ ಒಂದು ಮನೆಯ ಬಿಲ್ ಸಾಲದು, ಅಲ್ವಾ?

ತಿಂಗಳಿಗೊಂದು ಸಲ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ದರಗಳನ್ನು ಅಕ್ಕಪಕ್ಕ ಹಾಕಿ. ತೆರಿಗೆ ಸೇರಿಸಿದ ದರವೇ ಇರಲಿ, ಎಲ್ಲವೂ ಒಂದೇ ಅಳತೆಯಲ್ಲಿರಲಿ. ಪಕ್ಕದಲ್ಲೇ ಸಿಲಿಂಡರ್ ದರವನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ಬೀದಿಗೆ ಕೊಳವೆ ಬರುವ ಹೊತ್ತಿಗೆ ಈ ಲೆಕ್ಕ ನಮ್ಮ ಕೈಯಲ್ಲಿರಬೇಕು.

– ಒಬ್ಬ ಗೃಹಿಣಿ, ಹಾಸನ